ಲಂಡನ್ ಸಂಗೀತಗಾರನಿಗೆ ಮೈಸೂರಿನ ದುಡ್ಡು

ಸೂರಗೊಂಡನಕೊಪ್ಪ: ನಮ್ಮ ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಮೈಸೂರು ಸಂಸ್ಥಾನದಲ್ಲಿದ್ದ ಕಾಲದ ಕೊನೇ ಮಹಾರಾಜರು ಜಯಚಾಮರಾಜ ಒಡೆಯರ್. ಹುಟ್ಟಿದ್ದು 1919ರ ಜುಲೈ 18ರಂದು. ಪಿಯಾನೋ ವಾದಕರಾಗಬೇಕು ಅನ್ನೋದು ಅವರ ಆಸೆ. 1940ರಲ್ಲಿ ತಂದೆಯೂ ತೀರಿಕೊಂಡರು, ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. 21 ವರ್ಷಕ್ಕೇ ರಾಜ್ಯದ ಹೊರೆ ಹೆಗಲಿಗೆ ಬಿತ್ತು, ಪಿಯಾನೋ ಕನಸು ಅಲ್ಲಿಗೇ ನಿಂತಿತು.

ಕೇಳೋದು ಮಾತ್ರ ನಿಲ್ಲಲಿಲ್ಲ. ಅರಮನೆಗೆ ಗ್ರಾಮಫೋನ್ ತಟ್ಟೆಗಳು ಸಾವಿರಗಟ್ಟಲೆ ಬಂದವು.

ಆಗ ಲಂಡನ್‌ನಲ್ಲಿ ನಿಕೊಲಾಯ್ ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರರಿದ್ರು. ವಯಸ್ಸು ಅರವತ್ತು ದಾಟಿತ್ತು, ಹೃದ್ರೋಗ ಬೇರೆ. ಅವರ ಸಂಗೀತ ಕೇಳೋರು ಕಮ್ಮಿ. ಮಹಾರಾಜರು ದುಡ್ಡು ಹಾಕಿದರು, ಮೆಟ್ನರ್ ಸೊಸೈಟಿ ಹುಟ್ಟಿತು. 1947ರಲ್ಲಿ ಎಚ್‌ಎಂವಿ ಕಂಪನಿಯವರು ಮೆಟ್ನರ್ ಅವರ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿದರು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಅವರು ತೀರಿಕೊಂಡರು. ಸ್ವಲ್ಪ ತಡ ಆಗಿದ್ರೆ ಅವರ ಕೈಯ ಆ ವಾದನ ಉಳೀತಿರಲಿಲ್ಲ. ರಾಜರ ದುಡ್ಡು ಅಂದ್ರೆ ಪ್ರಜೆಗಳ ದುಡ್ಡೇ ಅಲ್ವಾ ಅಂತ ಕೇಳೋರೂ ಇರಬಹುದು, ಆ ಪ್ರಶ್ನೆಯೂ ನ್ಯಾಯವೇ.

ಮಹಾರಾಜರು ನಮ್ಮ ಸಂಗೀತವನ್ನೂ ಬಿಟ್ಟವರಲ್ಲ. ವಾಸುದೇವಾಚಾರ್ಯರಲ್ಲಿ ಕಲಿತು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ವಯಸ್ಸು 55. ಮೆಟ್ನರ್ ರೆಕಾರ್ಡು, ಮಹಾರಾಜರ ಕೃತಿ ಎರಡೂ ಈಗ ಮೊಬೈಲ್‌ನಲ್ಲೇ ಸಿಗ್ತವೆ.