ಅಪರಾಧಕ್ಕೆ ಮುನ್ನವೇ ಅಪರಾಧಿ: ಫಿಲಿಪ್ ಕೆ. ಡಿಕ್ ಬದುಕಿನ ಕಥೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಫೋರ್ಟ್ ಮಾರ್ಗನ್ ಎಂಬ ಸಣ್ಣ ಊರಿದೆ. 1929ರ ಆರಂಭದಲ್ಲಿ ಅಲ್ಲಿನ ರಿವರ್‌ಸೈಡ್ ಸ್ಮಶಾನದಲ್ಲಿ ಆರು ವಾರಗಳ ಹೆಣ್ಣುಕೂಸೊಂದನ್ನು ಮಣ್ಣು ಮಾಡಲಾಯಿತು. ಸಮಾಧಿಯ ಕಲ್ಲಿನ ಮೇಲೆ ತಂದೆ ತಾಯಿ ಕೆತ್ತಿಸಿದ್ದು ಎರಡು ಹೆಸರುಗಳನ್ನು. ಮೊದಲನೆಯದು ಸತ್ತ ಮಗು ಜೇನ್‌ಳದು. ಎರಡನೆಯದು ಇನ್ನೂ ತೊಟ್ಟಿಲಲ್ಲಿ ಉಸಿರಾಡುತ್ತಿದ್ದ ಆಕೆಯ ಅವಳಿ ಸೋದರ ಫಿಲಿಪ್‌ನದು. ಅವನ ಹೆಸರಿನ ಮುಂದೆ ಜನ್ಮದಿನಾಂಕವಿತ್ತು, ಮರಣದ ದಿನಾಂಕದ ಜಾಗ ಮಾತ್ರ ಖಾಲಿಯಿತ್ತು.

ಆ ಖಾಲಿ ಜಾಗ ತುಂಬಲು 53 ವರ್ಷಗಳು ಹಿಡಿದವು. ಅಷ್ಟರೊಳಗೆ ಫಿಲಿಪ್ ಕಿಂಡ್ರೆಡ್ ಡಿಕ್ 40ಕ್ಕೂ ಹೆಚ್ಚು ಕಾದಂಬರಿಗಳನ್ನೂ 120ರಷ್ಟು ಸಣ್ಣಕಥೆಗಳನ್ನೂ ಬರೆದಿದ್ದ. ಮುಂದೆ ನಡೆಯಲಿರುವುದು ಮೊದಲೇ ಬರೆದಿಟ್ಟಿದ್ದರೆ ಮನುಷ್ಯ ಅದನ್ನು ತಪ್ಪಿಸಬಲ್ಲನೇ ಎಂಬ ಪ್ರಶ್ನೆಯನ್ನು ಆತ ಮತ್ತೆ ಮತ್ತೆ ಕೇಳಿದ. ಅಪರಾಧ ಘಟಿಸುವ ಮೊದಲೇ ಅಪರಾಧಿಯನ್ನು ಹಿಡಿಯುವ ಪೊಲೀಸರ ಕಲ್ಪನೆಯನ್ನು ಜಗತ್ತಿನ ಮನೆಮಾತಾಗಿಸಿದವನು ಈತನೇ.

ಅವಳಿಯ ನೆರಳು: ಡಿಕ್ ಹುಟ್ಟಿದ್ದು 1928ರ ಡಿಸೆಂಬರ್ 16ರಂದು, ಷಿಕಾಗೊ ನಗರದಲ್ಲಿ. ತಂದೆ ಎಡ್ಗರ್ ಕೃಷಿ ಇಲಾಖೆಯ ನೌಕರ, ತಾಯಿ ಡೊರೊತಿ. ಅವಳಿ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದವು, ಇಬ್ಬರ ಪೋಷಣೆಗೆ ತಾಯಿಯ ಹಾಲು ಸಾಲಲಿಲ್ಲ. ಜನವರಿ 26ರಂದು ಜೇನ್ ತೀರಿಕೊಂಡಳು. ಈ ಸಂಗತಿಯನ್ನು ತಾಯಿಯ ಬಾಯಿಂದ ಕೇಳುತ್ತಲೇ ಫಿಲಿಪ್ ಬೆಳೆದ. ಬದುಕಿದವನು ತಾನಾದ್ದರಿಂದ ಸತ್ತವಳಿಗೆ ತಾನು ಋಣಿ ಎಂಬ ಭಾವ ಅವನಲ್ಲಿ ಬೇರೂರಿತು. ತಾಯಿಯ ಮೇಲಿನ ಸಿಟ್ಟೂ ಕೊನೆಯವರೆಗೆ ಆರಲಿಲ್ಲ. ಕಾಣೆಯಾದ ಅರ್ಧಾಂಗ, ಸತ್ತೂ ಸಾಯದ ಸೋದರಿ ಅವನ ಕಥೆಗಳಲ್ಲಿ ನಾನಾ ವೇಷಗಳಲ್ಲಿ ಮರಳಿ ಬರುತ್ತಾರೆ.

ಐದು ವರ್ಷದವನಿದ್ದಾಗ ತಂದೆ ತಾಯಿ ಬೇರೆಯಾದರು. ಕೆಲ ಕಾಲ ತಾಯಿಯೊಡನೆ ವಾಷಿಂಗ್ಟನ್‌ನಲ್ಲಿದ್ದ ಬಾಲಕ 1938ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮರಳಿದ. ಹನ್ನೆರಡರ ಆಸುಪಾಸಿನಲ್ಲಿ ವಿಜ್ಞಾನ ಕಥೆಗಳ ಪತ್ರಿಕೆಯೊಂದು ಕೈಗೆ ಸಿಕ್ಕಿತು. ಆ ಹುಚ್ಚು ಮತ್ತೆ ಬಿಡಲಿಲ್ಲ. ಬರ್ಕ್ಲಿ ಹೈಸ್ಕೂಲಿನಿಂದ 1947ರಲ್ಲಿ ತೇರ್ಗಡೆಯಾದವರ ಪಟ್ಟಿಯಲ್ಲಿ ಈತನ ಜೊತೆಗೆ ಉರ್ಸುಲಾ ಲೆ ಗ್ವಿನ್ ಹೆಸರೂ ಇತ್ತು. ಮುಂದೆ ವಿಜ್ಞಾನ ಸಾಹಿತ್ಯದ ಎರಡು ಶಿಖರಗಳಾದ ಇವರಿಗೆ ಆಗ ಪರಸ್ಪರ ಪರಿಚಯವೇ ಇರಲಿಲ್ಲ ಎಂಬುದು ಸೋಜಿಗ! ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದರೂ ಮನಸ್ಸಿನ ಕಳವಳದಿಂದಾಗಿ 1949ರಲ್ಲಿ ಕೆಲವೇ ವಾರಗಳಲ್ಲಿ ಇಳಿದುಬಂದ. ಗ್ರಾಮಫೋನ್ ತಟ್ಟೆಗಳ ಅಂಗಡಿಯೊಂದರಲ್ಲಿ ಮಾರಾಟಗಾರನಾಗಿ ದುಡಿದ.

ಲೇಖಣಿಯ ಕೂಲಿ: ಸಂಪಾದಕ ಆಂಥೊನಿ ಬೌಚರ್ ಯುವಕನ ಬೆನ್ನು ತಟ್ಟಿದರು. 1951ರಲ್ಲಿ ಮೊದಲ ಕಥೆ ಮಾರಾಟವಾಯಿತು. ಮರುವರ್ಷ ಮತ್ತೊಂದು ಕಥೆ ಅಚ್ಚಾಯಿತು. ಮೊದಲ ಕಾದಂಬರಿ ‘ಸೋಲಾರ್ ಲಾಟರಿ’ ಬಂದದ್ದು 1955ರಲ್ಲಿ. ಅಗ್ಗದ ಕಾಗದದ ಆ ಪತ್ರಿಕೆಗಳು ಕೊಡುತ್ತಿದ್ದ ಸಂಭಾವನೆ ಮೂರು ಕಾಸಿನದು. ಸಾಕುಪ್ರಾಣಿಗಳ ಆಹಾರದ ಅಂಗಡಿಯಿಂದ ಕುದುರೆ ಮಾಂಸ ತಂದು ತಿಂದ ದಿನಗಳೂ ಇದ್ದವೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ.

ಅದು ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆಯ ಕಾಲ. ಯಾರು ಏನು ಮಾಡಿದರು ಎಂಬುದಕ್ಕಿಂತ ಯಾರು ಏನು ಮಾಡಬಹುದು ಎಂಬ ಶಂಕೆಯೇ ಮುಖ್ಯವಾಗಿತ್ತು. ಡಿಕ್ ಮತ್ತು ಆತನ ಎರಡನೆಯ ಪತ್ನಿ ಕ್ಲಿಯೊ ವಾಸವಿದ್ದ ಬರ್ಕ್ಲಿಯ ಮನೆಗೂ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಬಂದರು. ಬಂದವರಲ್ಲೊಬ್ಬ ಕಡೆಗೆ ಸ್ನೇಹಿತನಂತಾಗಿ ಡಿಕ್‌ಗೆ ಕಾರು ಓಡಿಸುವುದನ್ನೂ ಕಲಿಸಿದನಂತೆ.

ಮೂರು ವರದಿಗಳ ಕಥೆ: ‘ದಿ ಮೈನಾರಿಟಿ ರಿಪೋರ್ಟ್’ ಬೆಳಕು ಕಂಡದ್ದು 1956ರ ಜನವರಿಯಲ್ಲಿ, ‘ಫೆಂಟಾಸ್ಟಿಕ್ ಯೂನಿವರ್ಸ್’ ಪತ್ರಿಕೆಯಲ್ಲಿ. ಭವಿಷ್ಯವನ್ನು ಕಾಣಬಲ್ಲ ಮೂವರು ಜೀವಚ್ಛವಗಳಂತೆ ಕುರ್ಚಿಗೆ ಬಿಗಿಯಲ್ಪಟ್ಟಿರುತ್ತಾರೆ. ಅವರ ತೊದಲನ್ನು ಯಂತ್ರಗಳು ಜಾಲಾಡಿ, ಮುಂದೆ ಕೊಲೆ ಮಾಡಲಿರುವವನ ಹೆಸರನ್ನು ಕಾರ್ಡಿನ ಮೇಲೆ ಅಚ್ಚು ಮಾಡುತ್ತವೆ. ಆ ಕ್ಷಣದವರೆಗೆ ನಿರಪರಾಧಿಯಾದ ಆತನನ್ನು ಪೊಲೀಸರು ಹಿಡಿದು ಶಿಬಿರಕ್ಕೆ ಅಟ್ಟುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದರೆ ಸಾಕು, ಒಪ್ಪದ ಮೂರನೆಯವರ ಮಾತು ಅಲ್ಪಮತದ ವರದಿಯಾಗಿ ಕಡತ ಸೇರುತ್ತದೆ.

ಒಂದು ದಿನ ಈ ವ್ಯವಸ್ಥೆಯನ್ನು ಕಟ್ಟಿದ ಆಯುಕ್ತ ಆಂಡರ್ಟನ್‌ನ ಹೆಸರೇ ಕಾರ್ಡಿನಲ್ಲಿ ಬರುತ್ತದೆ. ಆತ ಕೊಲ್ಲಲಿರುವುದು ನಿವೃತ್ತ ಸೇನಾಧಿಕಾರಿ ಕಪ್ಲಾನ್ ಎಂಬಾತನನ್ನು. ಇಲ್ಲಿಂದ ಡಿಕ್‌ನ ಲೆಕ್ಕಾಚಾರ ಶುರುವಾಗುತ್ತದೆ. ಮೊದಲ ವರದಿಯ ಪ್ರಕಾರ ಆಂಡರ್ಟನ್ ಕೊಲ್ಲುತ್ತಾನೆ. ಆ ವರದಿಯನ್ನು ಓದಿದ ಆಂಡರ್ಟನ್ ಕೊಲ್ಲದಿರಲು ನಿರ್ಧರಿಸುತ್ತಾನೆ ಎನ್ನುತ್ತದೆ ಎರಡನೆಯದು. ಎರಡನೆಯದನ್ನೂ ಅರಿತ ಮೇಲೆ ಆತ ಮನಸ್ಸು ಬದಲಿಸಿ ಕೊಂದೇಬಿಡುತ್ತಾನೆ ಎನ್ನುತ್ತದೆ ಮೂರನೆಯದು. ಅಂದರೆ ಬಹುಮತವೆಂದು ತೋರಿದ್ದು ಬಹುಮತವೇ ಅಲ್ಲ. ಮೂರೂ ಬೇರೆ ಬೇರೆ ಭವಿಷ್ಯಗಳ ವರದಿಗಳು!

ಕೊಲ್ಲದೆ ಬಿಟ್ಟರೆ ಆಂಡರ್ಟನ್ ನಿರಪರಾಧಿಯಾಗುತ್ತಾನೆ, ಆದರೆ ಅವನು ಕಟ್ಟಿದ ವ್ಯವಸ್ಥೆ ಸುಳ್ಳಾಗುತ್ತದೆ, ಅಧಿಕಾರ ಸೇನೆಯ ಕೈಗೆ ಜಾರುತ್ತದೆ. ಆತ ಕಪ್ಲಾನ್‌ನನ್ನು ಬಹಿರಂಗ ಸಭೆಯಲ್ಲೇ ಕೊಂದು, ಪತ್ನಿಯೊಡನೆ ಬೇರೊಂದು ಗ್ರಹಕ್ಕೆ ಗಡೀಪಾರಾಗುತ್ತಾನೆ. ಹೊರಡುವ ಮುನ್ನ ಉತ್ತರಾಧಿಕಾರಿಗೆ ಕೊಡುವ ಎಚ್ಚರಿಕೆಯಲ್ಲಿ ಕಥೆಯ ತಿರುಳಿದೆ. ಕಾರ್ಡನ್ನು ಮುಂಚಿತವಾಗಿ ನೋಡಬಲ್ಲವನು ಆಯುಕ್ತ ಮಾತ್ರ, ಆದ್ದರಿಂದ ವಿಧಿಯನ್ನು ಬದಲಿಸುವ ಅವಕಾಶವೂ ಅವನೊಬ್ಬನಿಗೇ. ಶಿಬಿರಗಳಲ್ಲಿ ಕೊಳೆಯುತ್ತಿರುವವರಿಗೆ ತಮ್ಮ ವರದಿಯನ್ನು ಓದುವ ಭಾಗ್ಯವೇ ಇರಲಿಲ್ಲ.

ಕಾಲದೊಡನೆ ಸೆಣಸಾಟ: ನಡೆಯಲಿರುವ ಅಪರಾಧವನ್ನು ತಡೆಯುವುದು ಒಂದಾದರೆ, ನಡೆದುಹೋದ ಅಪರಾಧವನ್ನು ಹಿಂದಕ್ಕೆ ಹೋಗಿ ತಡೆಯುವುದು ಇನ್ನೊಂದು. ಡಿಕ್ ಅದನ್ನೂ ಬಿಡಲಿಲ್ಲ. 1960ರ ‘ಡಾಕ್ಟರ್ ಫ್ಯೂಚರಿಟಿ’ ಕಾದಂಬರಿಯಲ್ಲಿ ವೈದ್ಯನೊಬ್ಬ ಭವಿಷ್ಯಕ್ಕೆ ಎಸೆಯಲ್ಪಡುತ್ತಾನೆ. ಅಲ್ಲಿ ಸಾಯುತ್ತಿರುವವರನ್ನು ಬದುಕಿಸುವುದೇ ಅಪರಾಧ. ಅಲ್ಲಿನ ಒಂದು ಗುಂಪು ಬಿಳಿಯರ ವಸಾಹತುಗಳ ಅನ್ಯಾಯವನ್ನು ಮೂಲದಲ್ಲೇ ಚಿವುಟಲು 16ನೇ ಶತಮಾನಕ್ಕೆ ಹೋಗಿ ನಾವಿಕ ಫ್ರಾನ್ಸಿಸ್ ಡ್ರೇಕ್‌ನನ್ನು ಕೊಲ್ಲಲು ಹವಣಿಸುತ್ತದೆ. ಒಂದು ಕೇಡನ್ನು ತಡೆಯಲು ಹೊರಟವರು ಇನ್ನೊಂದು ಕೇಡಿಗೆ ಕೈಹಾಕಬೇಕಾಗುತ್ತದೆ. 1974ರಲ್ಲಿ ಬಂದ ಕಥೆಯೊಂದರಲ್ಲಿ ಮೂವರು ಕಾಲಯಾನಿಗಳು ತಮ್ಮದೇ ಶವಯಾತ್ರೆಗೆ ಸಾಕ್ಷಿಯಾಗುತ್ತಾರೆ. ಸತ್ತ ದಿನವೇ ಮತ್ತೆ ಮತ್ತೆ ಮರುಕಳಿಸುವ ಸುಳಿಯಿಂದ ಅವರಿಗೆ ಬಿಡುಗಡೆಯಿಲ್ಲ. ಡಿಕ್‌ನ ಲೋಕದಲ್ಲಿ ಕಾಲಯಾನ ವಿಹಾರವಲ್ಲ, ಶಿಕ್ಷೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸಿದ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’ 1962ರಲ್ಲಿ ಪ್ರಕಟವಾಗಿ, ಮರುವರ್ಷ ಹ್ಯೂಗೊ ಪ್ರಶಸ್ತಿ ಪಡೆಯಿತು. ಕೀರ್ತಿ ಬಂದರೂ ಹಣ ಬರಲಿಲ್ಲ. ಉದ್ದೀಪಕ ಮಾತ್ರೆಗಳನ್ನು ನುಂಗಿ ನಿದ್ದೆಗೆಟ್ಟು 1963-64ರ ಎರಡೇ ವರ್ಷಗಳಲ್ಲಿ ಹತ್ತರಷ್ಟು ಕಾದಂಬರಿಗಳನ್ನು ಬರೆದ. ಒಟ್ಟು ಐದು ಮದುವೆಗಳಾದವು, ಐದೂ ಮುರಿದವು. ತೆರಿಗೆ ಬಾಕಿ ಕಟ್ಟಲಾಗದೆ ಒದ್ದಾಡುತ್ತಿದ್ದಾಗ ಹಿರಿಯ ಲೇಖಕ ರಾಬರ್ಟ್ ಹೈನ್‌ಲೈನ್ ಸಾಲ ಕೊಟ್ಟು ಕೈಹಿಡಿದರು.

ಶಂಕೆಯ ಸುಳಿಯಲ್ಲಿ: 1971ರ ನವೆಂಬರ್ 17ರಂದು ಸ್ಯಾನ್ ರಫೆಲ್‌ನ ಅವನ ಮನೆಗೆ ಯಾರೋ ನುಗ್ಗಿ, ಕಡತಗಳ ಕಪಾಟನ್ನು ಸ್ಫೋಟಿಸಿ ಕಾಗದಪತ್ರಗಳನ್ನು ಹೊತ್ತೊಯ್ದರು. ಮಾಡಿದವರಾರು ಎಂಬುದು ಎಂದೂ ಬಯಲಾಗಲಿಲ್ಲ. ಇದು ಆತನದೇ ಕೈವಾಡವಿರಬಹುದೆಂದು ಪೊಲೀಸರು ಗುಮಾನಿಪಟ್ಟರೆಂದು ಡಿಕ್ ಹೇಳುತ್ತಿದ್ದ. ಒಮ್ಮೊಮ್ಮೆ ಆತನಿಗೂ ತನ್ನ ಮೇಲೆಯೇ ಸಂಶಯ! ಮರುವರ್ಷ ಕೆನಡಾದ ವ್ಯಾಂಕೂವರ್‌ಗೆ ಹೋದವನು ಅಲ್ಲಿ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ. ವ್ಯಸನಿಗಳ ಪುನರ್ವಸತಿ ಕೇಂದ್ರವೊಂದು ಆಸರೆ ನೀಡಿತು. ಈ ದಿನಗಳ ನೋವಿನಿಂದ ಹುಟ್ಟಿದ್ದು 1977ರ ‘ಎ ಸ್ಕ್ಯಾನರ್ ಡಾರ್ಕ್ಲಿ’. ಮಾದಕವಸ್ತು ಜಾಲದೊಳಗೆ ವೇಷ ಮರೆಸಿಕೊಂಡ ಪೊಲೀಸನೊಬ್ಬ ತನ್ನ ಮೇಲೆ ತಾನೇ ನಿಗಾ ಇಡಬೇಕಾದ ಕಥೆಯದು.

ಡಿಕ್‌ನ ಬದುಕಿನಲ್ಲಿ ಮರೆಮಾಚಲಾಗದ ಕಲೆಯೊಂದಿದೆ. 1974ರಲ್ಲಿ ಆತ ಎಫ್‌ಬಿಐಗೆ ಪತ್ರ ಬರೆದು, ಪೋಲೆಂಡಿನ ಲೇಖಕ ಸ್ಟಾನಿಸ್ಲಾವ್ ಲೆಮ್ ಒಬ್ಬ ವ್ಯಕ್ತಿಯೇ ಅಲ್ಲ, ಆ ಹೆಸರಿನ ಹಿಂದೆ ಕಮ್ಯುನಿಸ್ಟರ ಒಂದು ಸಮಿತಿಯೇ ಇದೆ ಎಂದು ದೂರಿದ. ಆದರೆ ಅಮೆರಿಕದ ವಿಜ್ಞಾನ ಕಥೆಗಾರರಲ್ಲಿ ಲೆಮ್ ಮನಸಾರೆ ಮೆಚ್ಚಿದ್ದು ಡಿಕ್‌ನನ್ನೇ. ಶಂಕೆಯನ್ನೇ ಸಾಕ್ಷ್ಯವೆಂದು ಬಗೆಯುವ ಆಡಳಿತವನ್ನು ಹದಿನೆಂಟು ವರ್ಷಗಳ ಹಿಂದೆಯೇ ಕಥೆಯಲ್ಲಿ ಬಯಲಿಗೆಳೆದವನು ತಾನೇ ಶಂಕೆಯ ಕಾರ್ಡು ಬರೆದು ಕಳುಹಿಸಿದ್ದ. ಆ ಹೊತ್ತಿಗೆ ಆತನ ಮನಸ್ಸು ಸ್ವಸ್ಥವಾಗಿರಲಿಲ್ಲ ಎಂಬುದು ನಿಜ. ಭಯ ಎಂಥ ವಿವೇಕಿಯನ್ನೂ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಇದೂ ಒಂದು ನಿದರ್ಶನ.

ಅದೇ 1974ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಆತನಿಗೆ ವಿಚಿತ್ರ ದರ್ಶನಗಳಾದವು. ಗುಲಾಬಿ ಬಣ್ಣದ ಬೆಳಕೊಂದು ತನ್ನೊಳಗೆ ಅರಿವನ್ನು ಸುರಿಯಿತೆಂದು ಆತ ನಂಬಿದ. ತನ್ನ ಹಸುಗೂಸಿಗೆ ಯಾರೂ ಗುರುತಿಸದ ಹರ್ನಿಯಾ ಇದೆ ಎಂದು ಆ ಬೆಳಕೇ ಹೇಳಿತೆಂದೂ, ವೈದ್ಯರು ಪರೀಕ್ಷಿಸಿದಾಗ ಅದು ದಿಟವಾಗಿ ಮಗುವಿಗೆ ಶಸ್ತ್ರಚಿಕಿತ್ಸೆಯಾಯಿತೆಂದೂ ಹೇಳಿಕೊಂಡ. ಅದು ದೈವಕೃಪೆಯೋ, ಕಾಯಿಲೆಯೋ, ಕಾಕತಾಳೀಯವೋ ಎಂದು ಆತನೂ ಕಡೆಯವರೆಗೆ ತೀರ್ಮಾನಿಸಲಿಲ್ಲ. ಅರ್ಥ ಹುಡುಕುತ್ತ ಸುಮಾರು 8,000 ಪುಟಗಳ ಟಿಪ್ಪಣಿ ಬರೆದ. ಅದರಿಂದ ಆಯ್ದ ಭಾಗಗಳ ಬೃಹತ್ ಸಂಪುಟ 2011ರಲ್ಲಿ ಪ್ರಕಟವಾಯಿತು. ಒಂದು ಕೂಸನ್ನು ಉಳಿಸಲಾಗದ ಮನೆಯಲ್ಲಿ ಹುಟ್ಟಿದವನಿಗೆ ಇನ್ನೊಂದು ಕೂಸು ಉಳಿದದ್ದು ಸಣ್ಣ ಸಂಗತಿಯಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಸಾವಿನ ನಂತರದ ಬದುಕು: 1982ರ ಫೆಬ್ರವರಿ 18ರಂದು ಸಾಂಟಾ ಆನಾದ ಮನೆಯಲ್ಲಿ ಡಿಕ್ ಪ್ರಜ್ಞೆ ತಪ್ಪಿ ಬಿದ್ದಿದ್ದ. ಪಾರ್ಶ್ವವಾಯು ಬಡಿದಿತ್ತು. ಮಾರ್ಚ್ 2ರಂದು, 53ರ ಹರೆಯದಲ್ಲಿ ಕೊನೆಯುಸಿರೆಳೆದ. ಆತನ 1968ರ ಕಾದಂಬರಿಯನ್ನು ಆಧರಿಸಿದ ‘ಬ್ಲೇಡ್ ರನ್ನರ್’ ಚಿತ್ರ ತೆರೆಗೆ ಬಂದದ್ದು ಅದೇ ಜೂನ್‌ನಲ್ಲಿ. ಅದರ ಕೆಲವು ನಿಮಿಷಗಳ ತುಣುಕುಗಳನ್ನಷ್ಟೇ ಆತ ನೋಡಿದ್ದ. 1990ರಲ್ಲಿ ‘ಟೋಟಲ್ ರೀಕಾಲ್’, 2002ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ, ಟಾಮ್ ಕ್ರೂಸ್ ಅಭಿನಯದ ‘ಮೈನಾರಿಟಿ ರಿಪೋರ್ಟ್’ ಬಂದವು. ಚಿತ್ರದಲ್ಲಿ ಮುನ್ಸೂಚನೆಯ ವ್ಯವಸ್ಥೆ ಕೊನೆಗೆ ಕುಸಿಯುತ್ತದೆ. ಮೂಲ ಕಥೆಯಲ್ಲಿ ಅದು ಉಳಿಯುತ್ತದೆ, ಓದುಗನನ್ನು ಹೆಚ್ಚು ಕಾಡುವುದು ಅದೇ. 2007ರಲ್ಲಿ ಲೈಬ್ರರಿ ಆಫ್ ಅಮೆರಿಕ ತನ್ನ ಪ್ರತಿಷ್ಠಿತ ಮಾಲೆಗೆ ಡಿಕ್‌ನ ಕಾದಂಬರಿಗಳನ್ನು ಸೇರಿಸಿಕೊಂಡಿತು.

ಕಥೆ ಕಥೆಯಾಗಿಯೇ ಉಳಿಯಲಿಲ್ಲ. ಆತ ಹುಟ್ಟಿದ ಷಿಕಾಗೊದಲ್ಲೇ ಪೊಲೀಸರು 2010ರ ದಶಕದಲ್ಲಿ, ಗುಂಡಿನ ದಾಳಿಯಲ್ಲಿ ಯಾರು ಭಾಗಿಯಾಗಬಹುದೆಂದು ಗಣಕಯಂತ್ರದಿಂದ ಅಂಕ ಹಾಕಿಸಿ ಪಟ್ಟಿ ಮಾಡಿದರು. ತೀವ್ರ ಟೀಕೆಗೆ ಗುರಿಯಾದ ಆ ಯೋಜನೆ 2019ರಲ್ಲಿ ನಿಂತಿತು. 2020ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ನಗರ ಇಂಥ ಮುನ್ಸೂಚನಾ ಪೊಲೀಸಿಂಗ್ ಅನ್ನೇ ನಿಷೇಧಿಸಿತು. ಕೇಡನ್ನು ಮೊದಲೇ ತಡೆಯಬೇಕೆಂಬ ಆಸೆ ಕೆಟ್ಟದ್ದಲ್ಲ. ಆದರೆ ಮಾಡದ ತಪ್ಪಿಗೆ ಹೊಣೆ ಹೊರಿಸಲ್ಪಟ್ಟವನು ತನ್ನ ನಿರಪರಾಧವನ್ನು ಸಾಬೀತುಪಡಿಸುವುದಾದರೂ ಹೇಗೆ? ಮುಂಜಾಗ್ರತಾ ಬಂಧನದ ಕಾನೂನುಗಳನ್ನು ಬಲ್ಲ ನಮಗೂ ಈ ಪ್ರಶ್ನೆ ಅಪರಿಚಿತವೇನಲ್ಲ.

ಮಗನ ಚಿತಾಭಸ್ಮವನ್ನು ವೃದ್ಧ ತಂದೆ ಎಡ್ಗರ್ ಫೋರ್ಟ್ ಮಾರ್ಗನ್‌ಗೆ ಒಯ್ದು ಜೇನ್‌ಳ ಪಕ್ಕದಲ್ಲಿ ಹೂಳಿಸಿದರು. ಕಲ್ಲಿನ ಮೇಲೆ ಹೊಸದಾಗಿ ಹೆಸರು ಕೆತ್ತುವ ಅಗತ್ಯ ಬೀಳಲಿಲ್ಲ. ಬೇಕಾಗಿದ್ದುದು ಒಂದು ದಿನಾಂಕವಷ್ಟೇ.