ಹಳೆಯ ಬಂಡಿಯನ್ನು ಬಿಡದ ಬರ್ಟ್ ಮನ್ರೋ

ನಾಗಪುರದ ಕಿತ್ತಳೆ ಸೀಮೆಯ ಸಾವನೇರ್‌ನಂಥ ಊರಿನಲ್ಲಿ, ದುರಸ್ತಿ ಅಂಗಡಿಯ ಮುಂದೆ ಹಳೆಯ ಮೋಟಾರ್ ಸೈಕಲ್ಲೊಂದನ್ನು ಬಿಚ್ಚಿ ಹರಡಿರುವುದನ್ನು ಕಂಡರೆ, ಇದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬಾರದೇಕೆ ಎಂದು ನಮಗೆ ತೋರುವುದು ಸಹಜ. ಆದರೆ ಅದನ್ನೇ ನಂಬಿ ಹೊಲಕ್ಕೂ ಸಂತೆಗೂ ಓಡಾಡುವ ಒಕ್ಕಲಿಗನಿಗೆ ಹೊಸದರ ಬೆಲೆಯ ಭಾರ ಗೊತ್ತು. ಮೇಸ್ತ್ರಿಗೆ ಹಳೆಯದರ ಗುಣ ಗೊತ್ತು. ಅಂಥ ಒಂದೇ ಬಂಡಿಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಕೈಬಿಡದೆ ತಿದ್ದಿ, ಅದರಿಂದಲೇ ಲೋಕಪ್ರಸಿದ್ಧನಾದ ನ್ಯೂಜಿಲೆಂಡಿನ ಬರ್ಟ್ ಮನ್ರೋವಿನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಮನ್ರೋ 1899ನೆಯ ಇಸವಿ ಮಾರ್ಚ್ 25ರಂದು ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್ಕಾರ್ಗಿಲ್ ಎಂಬ ಊರಿನಲ್ಲಿ ಜನಿಸಿದನು. ಬೇಸಾಯದ ಮನೆಯಲ್ಲಿ ಬೆಳೆದ ಆತನಿಗೆ ಬಾಲ್ಯದಿಂದಲೂ ವೇಗವೆಂದರೆ ಪ್ರಾಣ. 1920ರಲ್ಲಿ ಆತನು ‘ಇಂಡಿಯನ್ ಸ್ಕೌಟ್’ ಎಂಬ ಮೋಟಾರ್ ಸೈಕಲನ್ನು ಕೊಂಡನು. ಹೆಸರನ್ನು ನೋಡಿ ಇದು ನಮ್ಮ ದೇಶದ್ದೆಂದು ಓದುಗರು ಭ್ರಮಿಸಬಾರದು; ಇದನ್ನು ತಯಾರಿಸಿದ ಕಾರ್ಖಾನೆ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ್ದು. ಎಂಜಿನಿನ ಗಾತ್ರ 600 ಸಿ.ಸಿ.; ಅದರ ಪರಮಾವಧಿ ವೇಗ ಗಂಟೆಗೆ ಸುಮಾರು 89 ಕಿಲೋಮೀಟರು.

ಕೆಲವು ವರ್ಷಗಳಲ್ಲಿ ಅದಕ್ಕಿಂತ ವೇಗದ ಹೊಸ ಬಂಡಿಗಳು ಪೇಟೆಗೆ ಬಂದವು. ಮನ್ರೋ ಅವುಗಳ ಬೆನ್ನು ಹತ್ತಲಿಲ್ಲ. 1926ರಿಂದ ತನ್ನ ಸ್ಕೌಟನ್ನೇ ತಿದ್ದತೊಡಗಿದನು. ಕೈಯಲ್ಲಿ ಹಣವಿರಲಿಲ್ಲ, ಒಳ್ಳೆಯ ಉಪಕರಣಗಳೂ ಇರಲಿಲ್ಲ. ಆತನು ಹಳೆಯ ಡಬ್ಬಿಗಳನ್ನು ಅಚ್ಚುಮಾಡಿಕೊಂಡು ಲೋಹವನ್ನು ಕರಗಿಸಿ ಪಿಸ್ಟನ್ನುಗಳನ್ನು ಎರಕಹೊಯ್ದನು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ದಂಡಗಳನ್ನು ಟ್ರಾಕ್ಟರಿನ ಹಳೆಯ ಅಚ್ಚುಗಂಬಿಯಿಂದ ಕೈಯಾರೆ ಕೊರೆದು ಮಾಡಿದನು. ಸೂಕ್ಷ್ಮ ಅಳತೆಗೆ ಚಕ್ರದ ಹಳೆಯ ಕಡ್ಡಿಯೇ ಸಾಧನವಾಯಿತು. ಸಿಲಿಂಡರಿನ ಪಕ್ಕದಲ್ಲಿದ್ದ ಕವಾಟಗಳನ್ನು ಅದರ ತಲೆಯ ಮೇಲಕ್ಕೆ ಸಾಗಿಸಿದನು; ಇದರಿಂದ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಸರಾಗವಾಗಿ ಒಳಹೊಕ್ಕು ಶಕ್ತಿ ಹೆಚ್ಚಿತು. ಹಾಗೆ ಹೆಚ್ಚಿದ ಶಕ್ತಿಯನ್ನು ತಾಳಲಾರದೆ ಎಷ್ಟೋ ಬಾರಿ ಪಿಸ್ಟನ್ನುಗಳು ಒಡೆದವು, ದಂಡಗಳು ಮುರಿದವು. ಮುರಿದ ಭಾಗಗಳನ್ನು ಆತನು ಎಸೆಯಲಿಲ್ಲ. ವೇಗದೇವತೆಗೆ ಸಲ್ಲಿಸಿದ ನೈವೇದ್ಯವೆಂಬಂತೆ ಅವನ್ನು ಕಪಾಟಿನಲ್ಲಿ ಸಾಲಾಗಿ ಇಟ್ಟನು.

1938ರಲ್ಲಿ ಆತನಿಗೆ ನ್ಯೂಜಿಲೆಂಡಿನ ಮೊದಲ ದಾಖಲೆ ದೊರೆಯಿತು. ಈ ಹಟಕ್ಕೆ ಆತನು ತೆತ್ತ ಬೆಲೆಯೂ ಸಣ್ಣದಲ್ಲ. ರಾತ್ರಿಯ ನಿದ್ರೆ ಹೋಯಿತು. 1947ರಲ್ಲಿ ವಿವಾಹ ವಿಚ್ಛೇದನವಾಯಿತು. ಮುಂದೆ ಆತನು ಒಂದು ಚಿಕ್ಕ ಕೊಟ್ಟಿಗೆಯಲ್ಲಿ ತನ್ನ ಯಂತ್ರಗಳೊಡನೆ ಏಕಾಂಗಿಯಾಗಿ ವಾಸಿಸಿದನು. ಸಾಧಕರ ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆಮಾಡುವುದು ಸರಿಯಲ್ಲವೆಂದು ನಾವು ಭಾವಿಸುತ್ತೇವೆ.

ಅಮೆರಿಕದ ಯೂಟಾ ಪ್ರಾಂತದಲ್ಲಿ ಬಾನ್‌ವಿಲ್ ಎಂಬ ವಿಶಾಲವಾದ ಉಪ್ಪಿನ ಬಯಲಿದೆ. ವೇಗದ ಪರೀಕ್ಷೆಗೆ ಅದು ಹೆಸರಾದ ಸ್ಥಳ. ಅರವತ್ತು ದಾಟಿದ ಮನ್ರೋ ಬಂಡಿಯನ್ನು ಅಲ್ಲಿಗೆ ಕೊಂಡೊಯ್ದನು. ಎದುರುಗಾಳಿಯನ್ನು ಸೀಳಿ ಹೋಗುವಂತೆ ಅದಕ್ಕೆ ಮೀನಿನ ಮೈಯಂಥ ಕವಚವನ್ನು ತೊಡಿಸಿದ್ದನು. 1962ರಲ್ಲಿ ಗಂಟೆಗೆ 288 ಕಿಲೋಮೀಟರು ವೇಗದ ದಾಖಲೆ ಸ್ಥಾಪಿತವಾಯಿತು. 1967ರಲ್ಲಿ ಎಂಜಿನಿನ ಗಾತ್ರ 950 ಸಿ.ಸಿ.ಗೆ ಏರಿತ್ತು. ಆಗ ಸವಾರನಿಗೆ 68 ವರ್ಷ, ಬಂಡಿಗೆ 47 ವರ್ಷ. 1000 ಸಿ.ಸಿ.ಗಿಂತ ಕೆಳಗಿನ ವರ್ಗದಲ್ಲಿ ಆ ವರ್ಷ ಸ್ಥಾಪಿತವಾದ ದಾಖಲೆ ಗಂಟೆಗೆ 295.45 ಕಿಲೋಮೀಟರು. ಸರಾಸರಿ ತೆಗೆಯುವಾಗ ಲೆಕ್ಕದಲ್ಲಿ ತಪ್ಪಾಗಿತ್ತೆಂಬುದನ್ನು ಮುಂದೆ ಆತನ ಮಗನು ಕಂಡುಹಿಡಿದನು. 2014ರಲ್ಲಿ ಅಮೆರಿಕದ ಮೋಟಾರ್ ಸೈಕಲ್ ಸಂಘವು ಅದನ್ನು 296.26 ಎಂದು ತಿದ್ದಿತು. ಗಣಿತದಲ್ಲಿ ಅಜಾಗರೂಕರಾಗಿರುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು!

ಹೃದಯರೋಗ ಮತ್ತು ಮುಪ್ಪು ಆತನನ್ನು ಕೊನೆಗೆ ತಡೆದವು. ಬಂಡಿಗಳು ತನ್ನ ಸೀಮೆಯಲ್ಲಿಯೇ ಉಳಿಯಲೆಂದು ಅವನ್ನು ಊರಿನ ವ್ಯಾಪಾರಿಯೊಬ್ಬನಿಗೆ ಮಾರಿ, 1978ರ ಜನವರಿ 6ರಂದು ಮನ್ರೋ ಕಾಲವಾದನು. 2005ರಲ್ಲಿ ಆತನ ಜೀವನವನ್ನು ಕುರಿತ ಚಲನಚಿತ್ರವೂ ಬಂದಿತು.

ಆತನ ವೇಗವನ್ನು ಅನುಕರಿಸಿರೆಂದು ನಾವು ಯಾರಿಗೂ ಹೇಳುವುದಿಲ್ಲ. ಊರ ಬೀದಿ ಉಪ್ಪಿನ ಬಯಲಲ್ಲ. ಅನುಕರಿಸಬೇಕಾದುದು ಆತನ ತಾಳ್ಮೆಯನ್ನು. ಹೊಸದನ್ನು ಕೊಳ್ಳುವವನಿಗೆ ದೊರೆಯುವುದು ಒಂದು ಯಂತ್ರ ಮಾತ್ರ. ಹಳೆಯದನ್ನು ಬಿಚ್ಚಿ, ಅದು ಕೆಟ್ಟುದು ಏಕೆಂದು ಅರಿತು, ಮತ್ತೆ ಜೋಡಿಸುವವನಿಗೆ ಯಂತ್ರದ ಜತೆಗೆ ವಿದ್ಯೆಯೂ ದಕ್ಕುತ್ತದೆ. ಮುಂದೆ ದುರಸ್ತಿ ಅಂಗಡಿಯ ಮುಂದೆ ಹಾದುಹೋಗುವಾಗ ಎಣ್ಣೆ ಮೆತ್ತಿದ ಆ ಕೈಗಳನ್ನು ನಾವೆಲ್ಲರೂ ಒಂದು ಕ್ಷಣ ನಿಂತು ಗೌರವದಿಂದ ನೋಡೋಣ.