ಕೀರ್ತಿಶೇಷ ಸಿ. ವಿ. ವಿಶ್ವೇಶ್ವರ

ಕನ್ನಡ ನಾಡಿನಲ್ಲಿ ಹುಟ್ಟಿ ಲೋಕದ ವಿದ್ವನ್ಮಂಡಲಿಯಲ್ಲಿ ಮಾನ್ಯರಾದವರನ್ನು ಪರದೇಶದವರು ನೆನೆಯುವಷ್ಟು ನಾವು ನೆನೆಯುವುದಿಲ್ಲವೆಂಬುದು ವ್ಯಸನಕರವಾದ ಸಂಗತಿ. ಸಿ. ವಿ. ವಿಶ್ವೇಶ್ವರರು ಅಂತಹವರಲ್ಲೊಬ್ಬರು. ಅವರು 2017ನೆಯ ಇಸವಿ ಜನವರಿ 16ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಅಂದಿನಿಂದೀಚೆಗೆ ಅವರ ಶೋಧನೆಯ ಬೆಲೆ ಹೆಚ್ಚುತ್ತಲೇ ಬಂದಿರುವುದರಿಂದ ಅವರ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುತ್ತೇವೆ.

ವಿಶ್ವೇಶ್ವರರು 1938ನೆಯ ಇಸವಿ ಮಾರ್ಚಿ 6ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಪ್ರಸಿದ್ಧ ಸಾಹಿತಿಗಳು. 1947ರಲ್ಲಿ ಹರಪನಹಳ್ಳಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಮಗನ ಮನಸ್ಸು ಭೌತವಿಜ್ಞಾನದ ಕಡೆಗೆ ತಿರುಗಿತು. ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದು ಅವರು ಅಮೆರಿಕಕ್ಕೆ ತೆರಳಿದರು. ಕೊಲಂಬಿಯಾದಲ್ಲಿ ವ್ಯಾಸಂಗ ಮಾಡಿದ ಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಆಚಾರ್ಯರ ಬಳಿ ಸಂಶೋಧನೆಯನ್ನು ಕೈಕೊಂಡರು.

ಐನ್‌ಸ್ಟೈನರು 1915ರಲ್ಲಿ ಪ್ರಕಟಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದಿಂದ, ಬೆಳಕನ್ನೂ ಹೊರಬಿಡದ ಕೃಷ್ಣವಿವರಗಳು ಗಣಿತದಲ್ಲಿ ಮೈದೋರಿದ್ದುವು. ಅವು ಆಕಾಶದಲ್ಲಿಯೂ ಇರಬಲ್ಲುವೇ ಎಂಬುದರಲ್ಲಿ ಪಂಡಿತರಿಗೇ ಸಂದೇಹವಿದ್ದ ಕಾಲವದು. ಅಲ್ಪ ಕ್ಷೋಭೆಯಾದರೂ ಚದರಿಹೋಗುವ ವಸ್ತುವಾದರೆ ಅದು ನಿಸರ್ಗದಲ್ಲಿ ಉಳಿಯುವುದೆಂತು? ವಿಶ್ವೇಶ್ವರರು ಲೆಕ್ಕಹಾಕಿ, ತಿರುಗದಿರುವ ಕೃಷ್ಣವಿವರವು ಕಲಕಿದರೂ ಮತ್ತೆ ಶಾಂತವಾಗಿ ನಿಲ್ಲುವುದೆಂದು ತೋರಿಸಿದರು.

ಇನ್ನು, ಬೆಳಕನ್ನೇ ಬೀರದ ವಸ್ತುವನ್ನು ಗುರುತಿಸುವ ಬಗೆ ಯಾವುದು? ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿ ಬೆರಳಿನಿಂದ ತಟ್ಟಿ, ಹೊರಡುವ ನಾದದಿಂದ ಅದರ ಗುಣವನ್ನು ತಿಳಿಯುವಳಷ್ಟೆ. ವಿಶ್ವೇಶ್ವರರು ಮಾಡಿದುದೂ ಅದೇ. ಗಣಿತದಲ್ಲಿಯೇ ಕೃಷ್ಣವಿವರದ ಮೇಲೆ ಗುರುತ್ವ ತರಂಗಗಳನ್ನು ಹಾಯಿಸಿ ನೋಡಿದರು. ಕಿರಿದಾದ ತರಂಗವು ತಾಗಿದಾಗ ಒಂದು ನಿಯತವಾದ ಕಂಪನವು ಹೊರಟು, ಗಂಟೆಯ ನಾದದಂತೆ ಬೇಗನೆ ಅಡಗಿತು. ತಟ್ಟಿದ ರೀತಿ ಯಾವುದಾದರೂ ಈ ನಾದವು ಕೃಷ್ಣವಿವರದ್ದೇ ಆಗಿರುವುದು. 1970ರಲ್ಲಿ ಅವರು ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ನಾದವನ್ನು ಕೇಳಬಲ್ಲ ಯಂತ್ರವು ಆಗ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ಮುಂದೆ ಅವರು ಸ್ವದೇಶಕ್ಕೆ ಮರಳಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ಸೇವೆ ಸಲ್ಲಿಸಿದರು. 1989ರಲ್ಲಿ ತೆರೆದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸ್ಥಾಪಕ ನಿರ್ದೇಶಕರಾಗಿ, ಮಕ್ಕಳಿಗೂ ಪಾಮರರಿಗೂ ಆಕಾಶದ ಪರಿಚಯ ಮಾಡಿಸಿದರು. ವಿನೋದಪ್ರಿಯರಾದ ಅವರು ಕಠಿನ ವಿಷಯಗಳನ್ನು ನಗೆಚಿತ್ರಗಳಿಂದ ತಿಳಿಯಪಡಿಸುತ್ತಿದ್ದರು.

2015ನೆಯ ಇಸವಿ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳೆರಡೂ ಕದಲಿದುವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ 36ರಷ್ಟು ಮತ್ತು 29ರಷ್ಟು ತೂಕದ ಎರಡು ಕೃಷ್ಣವಿವರಗಳು ಕೂಡಿ ಒಂದಾಗಿದ್ದುವು. ಸುಮಾರು ಮೂರು ಸೂರ್ಯರಷ್ಟು ದ್ರವ್ಯವು ತರಂಗವಾಗಿ ಹರಿದಿತ್ತು. ಆ ತರಂಗವು ನಮ್ಮ ಕಲಬುರಗಿಯ ಕೋಟೆಯನ್ನೂ ರೋಜಾದ ಓಣಿಗಳನ್ನೂ ಹಾದುಹೋಯಿತು, ಯಾರಿಗೂ ಅರಿವಾಗಲಿಲ್ಲ. ಅದರ ಕೊನೆಯ ಭಾಗವು, ವಿಶ್ವೇಶ್ವರರು 45 ವರ್ಷಗಳ ಹಿಂದೆ ಬರೆದಿಟ್ಟಂತೆ, ಅಡಗುವ ನಾದವಾಗಿದ್ದಿತು. 2016ರ ಫೆಬ್ರವರಿಯಲ್ಲಿ ಪ್ರಕಟವಾದ ಈ ವಾರ್ತೆಯನ್ನು ಅವರು ಬದುಕಿದ್ದು ಕೇಳಿದರೆಂಬುದು ಸಮಾಧಾನಕರ.

ಐನ್‌ಸ್ಟೈನರ ಸಿದ್ಧಾಂತಕ್ಕೆ ಇಂದು ಈ ನಾದವೇ ಒರೆಗಲ್ಲು. ಸಿದ್ಧಾಂತವು ನಿಜವಾದರೆ ನಾದದ ಎಲ್ಲ ಸ್ವರಗಳೂ ಕೃಷ್ಣವಿವರದ ತೂಕ ಮತ್ತು ಭ್ರಮಣ ಇವೆರಡನ್ನೇ ಅವಲಂಬಿಸಿರಬೇಕು; ಒಂದು ಸ್ವರವು ಹೇಳಿದ ತೂಕವನ್ನೇ ಮತ್ತೊಂದೂ ಹೇಳಬೇಕು. ಹೇಳದಿದ್ದರೆ ಸಿದ್ಧಾಂತದಲ್ಲಿ ಕೊರತೆಯಿದೆಯೆಂದೇ ಅರ್ಥ. 2025ನೆಯ ಇಸವಿ ಜನವರಿ 14ರಂದು ಬಂದ ಅತ್ಯಂತ ಸ್ಪಷ್ಟವಾದ ತರಂಗದಲ್ಲಿ ಎರಡು ಸ್ವರಗಳನ್ನು ಬೇರ್ಪಡಿಸಿ ನೋಡಲಾಯಿತು. ಎರಡೂ ಒಂದೇ ಸಾಕ್ಷ್ಯವನ್ನು ನುಡಿದುವು. ಸಿದ್ಧಾಂತವು ಈ ಪರೀಕ್ಷೆಯಲ್ಲಿ ಗೆದ್ದಿತು.

ಇದರಿಂದ ಏನು ಪ್ರಯೋಜನವೆಂದು 1970ರಲ್ಲಿ ಯಾರಾದರೂ ಕೇಳಿದ್ದರೆ ಲಾಭದ ಲೆಕ್ಕ ತೋರಿಸುವುದು ಅಸಾಧ್ಯವಾಗುತ್ತಿತ್ತು. ವಿದ್ಯಾಸಂಸ್ಥೆಗಳಿಗೆ ಹಣ ಮಂಜೂರು ಮಾಡುವ ಅಧಿಕಾರಿಗಳು ಇದನ್ನು ಮನನ ಮಾಡಬೇಕು. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದ ಬಳಿ ಲೈಗೋ ಯಂತ್ರವೊಂದನ್ನು ಸ್ಥಾಪಿಸಲು ಕೇಂದ್ರ ಸರಕಾರವು 2023ರಲ್ಲಿ 2600 ಕೋಟಿ ರೂಪಾಯಿಗಳಿಗೆ ಮಂಜೂರಾತಿ ನೀಡಿತು. 1956ರ ತನಕ ಆ ಪ್ರದೇಶವೂ ನಮ್ಮ ಕಲಬುರಗಿಯೂ ಒಂದೇ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ನೆರೆಯಲ್ಲಿ ಏಳಲಿರುವ ಆ ಯಂತ್ರದ ಮುಂದೆ ನಮ್ಮ ಜಿಲ್ಲೆಯ ತರುಣರು ಕೇವಲ ಪ್ರೇಕ್ಷಕರಾಗಿ ನಿಲ್ಲಬಾರದು. ಅವರನ್ನು ಅದಕ್ಕೆ ಅಣಿಗೊಳಿಸುವ ಗಣಿತವನ್ನೂ ಭೌತವಿಜ್ಞಾನವನ್ನೂ ಇಲ್ಲಿನ ಕಾಲೇಜುಗಳು ಈಗಿನಿಂದಲೇ ಕಲಿಸತಕ್ಕುದೆಂದು ನಾವು ಒತ್ತಿ ಹೇಳುತ್ತೇವೆ. ವಿಶ್ವೇಶ್ವರರಿಗೆ ನಾಡು ಸಲ್ಲಿಸಬಹುದಾದ ಗೌರವಗಳಲ್ಲಿ ಇದೇ ಯೋಗ್ಯವಾದುದು.